ಮೂರು ಚಿಕ್ಕ ಮುಖಗಳ ಗಡಿಯಾರ, ನೂರು ಗ್ರಾಮಿನ ಅಂಗಿ



ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಬಲಿಪೂಜೆ ಮುಗಿಸಿ ಸಕ್ರಿಸ್ತಿಯಲ್ಲಿ ಪೂಜಾವಸ್ತ್ರಗಳನ್ನು ಕಳಚುತ್ತಿದ್ದೆ. ಪೀಠಸೇವೆಗೆ ಬಂದಿದ್ದ ಐದನೆಯ ತರಗತಿಯ ಬಾಲಕನೊಬ್ಬ ನನ್ನ ಎಡಗೈಯನ್ನೇ ದಿಟ್ಟಿಸುತ್ತ, "ಫಾದರ್, ನಿಮ್ಮ ವಾಚಿನೊಳಗೆ ಇನ್ನೂ ಮೂರು ಸಣ್ಣ ವಾಚುಗಳಿವೆಯಲ್ಲ, ಅವು ಯಾಕೆ?" ಎಂದು ಕೇಳಿದ. ನಾನು ಉತ್ತರಿಸಲು ಬಾಯಿ ತೆರೆದು, ಉತ್ತರ ಸಿಗದೆ, "ಅದು ಹಾಗೆಯೇ ಇರುತ್ತದೆ ಮಗು" ಎಂದುಬಿಟ್ಟೆ. ಅವನು ಒಪ್ಪಲಿಲ್ಲವೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಆ ಗಡಿಯಾರ ನನ್ನ ಗುರುದೀಕ್ಷೆಯ ರಜತ ಮಹೋತ್ಸವಕ್ಕೆ ಬಂದ ಉಡುಗೊರೆ. ಕುವೈತಿನಲ್ಲಿ ದುಡಿಯುವ ಒಬ್ಬ ಗೃಹಸ್ಥರು ರಜೆಯಲ್ಲಿ ಊರಿಗೆ ಬಂದಾಗ ಪತ್ನಿ ಮಕ್ಕಳೊಡನೆ ಬಂದು ತಾವೇ ನನ್ನ ಕೈಗೆ ಕಟ್ಟಿದರು. ಉಕ್ಕಿನ ಬಿಳುಪು, ಚಿನ್ನದ ಹಳದಿ ಎರಡೂ ಒಂದರ ಪಕ್ಕದಲ್ಲೊಂದು ಮಿನುಗುವ ಪಟ್ಟಿ. ಬಲಬದಿಯಲ್ಲಿ ಕೀಲಿಯ ಮೇಲೊಂದು, ಕೆಳಗೊಂದು ಗುಂಡಿ. ಅಂಚಿನ ಸುತ್ತ ಅಂಕಿಗಳ ಸಾಲು. ಅದು ಬಂದ ದಿನ, ದೀಕ್ಷೆಯಂದು ನನ್ನ ತಂದೆ ಕೊಟ್ಟಿದ್ದ ಎಚ್.ಎಂ.ಟಿ. ಮೇಜಿನ ಸೆಳೆಖಾನೆಯನ್ನು ಸೇರಿತು. ಬಾಲಕನ ಪ್ರಶ್ನೆಯ ಬಳಿಕವೇ ನಾನು ನನ್ನನ್ನು ಗಮನಿಸತೊಡಗಿದೆ. ಒಂದು ವರ್ಷ ಕಟ್ಟಿಕೊಂಡು ತಿರುಗಿದರೂ ಆ ಎರಡು ಗುಂಡಿಗಳನ್ನು ನಾನು ಒತ್ತಿರಲೇ ಇಲ್ಲ. ಆದರೆ ಬಲಿಪೀಠದಲ್ಲಿ ಕೈಗಳನ್ನು ಎತ್ತುವಾಗ ತೋಳಿನ ಅಂಚು ಜಾರಿ ಗಡಿಯಾರ ಬೆಳಕಿಗೆ ಬಂದರೆ ಅದನ್ನು ಸರಿಪಡಿಸುವ ಆತುರ ನನಗಿರಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತುಗಳನ್ನು ಬರೆಯುವ ಅಧಿಕಾರ ನನಗಿಲ್ಲವೆಂದು ಮೊದಲೇ ಹೇಳಿದ್ದೇನೆ.

ಪುಸ್ತಕವೊಂದನ್ನು ವಿಮರ್ಶಿಸುವಾಗ ಅದು ಏನನ್ನು ಹೇಳುತ್ತದೆ, ಹೇಳಿದಂತೆ ನಡೆದುಕೊಳ್ಳುತ್ತದೆಯೇ ಎಂದು ನೋಡುತ್ತೇವೆ. ವಸ್ತುಗಳನ್ನೂ ಹಾಗೆಯೇ ಓದಬಹುದು. ನಮ್ಮ ಧರ್ಮಕೇಂದ್ರಗಳ ಯುವಕರು ಇಂದು ಮೊದಲ ಸಂಬಳದಲ್ಲಿ ಕೊಳ್ಳಬಯಸುವ ವಸ್ತುಗಳಲ್ಲಿ ಎರಡು ಮೇಲಿಂದ ಮೇಲೆ ಕಿವಿಗೆ ಬೀಳುತ್ತವೆ: ಒಂದು ಇಂಥ ಕ್ರೋನೋಗ್ರಾಫ್ ಗಡಿಯಾರ, ಇನ್ನೊಂದು ಚಾರಣಕ್ಕೆಂದು ಹಗುರವಾದ ಜಾಕೆಟ್. ತಂದೆ ತಾಯಂದಿರು "ಇದೇನು ಫಾದರ್, ಅಂಗಿಗೆ ಇಷ್ಟು ಬೆಲೆಯೇ?" ಎಂದು ನನ್ನನ್ನು ಕೇಳುತ್ತಾರೆ. ಬೆಲೆಯ ಮಾತು ಕೊನೆಗಿರಲಿ, ಮೊದಲು ವಸ್ತುವನ್ನೇ ನೋಡೋಣ.

ಕ್ರೋನೋಗ್ರಾಫ್ ಎಂಬ ಗ್ರೀಕ್ ಮೂಲದ ಹೆಸರಿಗೆ ಕಾಲವನ್ನು ಬರೆಯುವುದು ಎಂದರ್ಥ. ಇದು ಬರಿಯ ಅಲಂಕಾರದ ಮಾತಲ್ಲ. 1821ರಲ್ಲಿ ಪ್ಯಾರಿಸ್ಸಿನ ಷಾಂ ದ ಮಾರ್ಸ್ ಮೈದಾನದ ಕುದುರೆ ಪಂದ್ಯಕ್ಕೆ ನಿಕೊಲಾ ರ‍್ಯೂಸೆಕ್ ಎಂಬ ಗಡಿಯಾರ ತಯಾರಕ ತಂದ ಯಂತ್ರವು, ಕುದುರೆ ಗುರಿ ದಾಟಿದಾಗ ತಿರುಗುವ ಫಲಕದ ಮೇಲೆ ನಿಜವಾಗಿಯೇ ಶಾಯಿಯ ತೊಟ್ಟೊಂದನ್ನು ಇಡುತ್ತಿತ್ತು. ಅದಕ್ಕೂ ಮುನ್ನ 1816ರಲ್ಲೇ ಲೂಯಿ ಮುವಾನೆ ಎಂಬಾತ ನಕ್ಷತ್ರ ವೀಕ್ಷಣೆಗೆಂದು ಸೆಕೆಂಡಿನ ಅರವತ್ತನೆಯ ಒಂದು ಭಾಗವನ್ನು ಅಳೆಯುವ ಸಾಧನ ಮಾಡಿದ್ದನೆಂಬುದು 2013ರಲ್ಲಿ ಬೆಳಕಿಗೆ ಬಂತು. ಆಮೇಲೆ ವೈದ್ಯರು ನಾಡಿಬಡಿತ ಎಣಿಸಲು ಇಂಥ ಗಡಿಯಾರಗಳನ್ನು ಕಟ್ಟಿಕೊಂಡರು. 1970ರ ಏಪ್ರಿಲಿನಲ್ಲಿ ಅಪೊಲೊ 13 ನೌಕೆ ಕೆಟ್ಟು, ಗಗನಯಾನಿಗಳು ಭೂಮಿಯ ದಾರಿಯನ್ನು ತಿದ್ದಿಕೊಳ್ಳಬೇಕಾಗಿ ಬಂದಾಗ, ಎಂಜಿನನ್ನು ಹದಿನಾಲ್ಕು ಸೆಕೆಂಡು ಉರಿಸಲು ಅವರು ನೆಚ್ಚಿದ್ದು ಕೈಯಲ್ಲಿದ್ದ ಒಮೆಗಾ ಕ್ರೋನೋಗ್ರಾಫನ್ನೇ. ಆ ಹದಿನಾಲ್ಕು ಸೆಕೆಂಡು ಮೂವರ ಪ್ರಾಣದ ಪ್ರಶ್ನೆಯಾಗಿತ್ತು. ಹೀಗೆ ಹುಟ್ಟಿದ ವಸ್ತುವನ್ನು ಶೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ನನ್ನ ಕೈಯಲ್ಲಿ ಅದು ಏನು ಮಾಡುತ್ತಿತ್ತು? ಅಂಚಿನ ಸುತ್ತಲಿನ ಅಂಕಿಗಳು ವೇಗವನ್ನು ಅಳೆಯಲೆಂದು ಇವೆ. ಒಂದು ಕಿಲೋಮೀಟರ್ ಕಲ್ಲಿನ ಬಳಿ ಮೇಲಿನ ಗುಂಡಿಯನ್ನು ಒತ್ತಿ, ಮುಂದಿನ ಕಲ್ಲಿನ ಬಳಿ ಮತ್ತೆ ಒತ್ತಿದರೆ, ಮುಳ್ಳು ನಿಂತ ಕಡೆಯ ಅಂಕಿಯೇ ಗಂಟೆಗೆ ನಿಮ್ಮ ವೇಗ. ಮೂವತ್ತು ಸೆಕೆಂಡಿನಲ್ಲಿ ದಾಟಿದರೆ ನೂರಿಪ್ಪತ್ತು. ಬಾಲಕನಿಗೆ ವಿವರಿಸಲೆಂದು ಇದನ್ನು ಕಲಿತು, ಉಪಕೇಂದ್ರಕ್ಕೆ ಹೋಗುವ ದಾರಿಯಲ್ಲಿ ಸ್ಕೂಟರಿನಲ್ಲಿ ಪ್ರಯೋಗಿಸಿದೆ. ಆ ಅಂಕಿಗಳು ಅರವತ್ತಕ್ಕೆ ಮುಗಿಯುತ್ತವೆ. ನನ್ನ ಸ್ಕೂಟರು ಘಟ್ಟದ ದಾರಿಯಲ್ಲಿ ನಲವತ್ತು ದಾಟುವುದಿಲ್ಲ. ನಾನು ಬದುಕುವ ವೇಗಕ್ಕೆ ನನ್ನ ಗಡಿಯಾರದಲ್ಲಿ ಅಂಕಿಯೇ ಇರಲಿಲ್ಲ!

ಇನ್ನು ನಿಖರತೆಯ ಮಾತು. ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷೆಯಲ್ಲಿ ತೇರ್ಗಡೆಯಾದ ಯಾಂತ್ರಿಕ ಗಡಿಯಾರ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಅಥವಾ ಆರು ಸೆಕೆಂಡು ಮುಂದೆ ಹೋಗಬಹುದು. ಬ್ಯಾಟರಿಯ ಸಾಧಾರಣ ಕ್ವಾರ್ಟ್ಸ್ ಗಡಿಯಾರ ತಪ್ಪುವುದು ತಿಂಗಳಿಗೆ ಹದಿನೈದು ಸೆಕೆಂಡಿನಷ್ಟು. ಅಂದರೆ ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕಿಂತ ಸಂತೆಯಲ್ಲಿ ಕೊಂಡದ್ದೇ ಹೆಚ್ಚು ಸತ್ಯ ಹೇಳುತ್ತದೆ. ಹವ್ಯಾಸಿಗಳಿಗೆ ಇದು ತಿಳಿಯದೆ ಇಲ್ಲ. ಅವರು ಪ್ರೀತಿಸುವುದು ಸಮಯವನ್ನಲ್ಲ, ಚಕ್ರಗಳ ಕುಶಲತೆಯನ್ನು. ಆ ಪ್ರೀತಿಯಲ್ಲಿ ನನಗೆ ದೋಷ ಕಾಣುವುದಿಲ್ಲ. ಮನುಷ್ಯನ ಕೈ ಮಾಡಿದ ಒಳ್ಳೆಯ ಕೆಲಸವನ್ನು ಮೆಚ್ಚುವವನು, ತಿಳಿದೋ ತಿಳಿಯದೆಯೋ, ಆ ಕೈಯನ್ನು ಸೃಷ್ಟಿಸಿದವನನ್ನೇ ಮೆಚ್ಚುತ್ತಾನೆ. ನನ್ನ ಆಕ್ಷೇಪ ಇರುವುದು ಆ ಎರಡು ಬಣ್ಣದ ಮೇಲೆ.

ಉಕ್ಕು ಮತ್ತು ಚಿನ್ನದ ಈ ಜೋಡಣೆಗೆ ರೋಲೆಕ್ಸ್ ಸಂಸ್ಥೆ 1930ರ ದಶಕದಲ್ಲೇ ರೋಲೆಸರ್ ಎಂದು ಪ್ರತ್ಯೇಕ ಹೆಸರಿಟ್ಟಿತು. ಉಕ್ಕಿನ ಗಡಿಯಾರ "ನಾನು ಕೆಲಸಗಾರ" ಎನ್ನುತ್ತದೆ. ಚಿನ್ನದ್ದು "ನಾನು ಧನಿಕ" ಎನ್ನುತ್ತದೆ. ಎರಡೂ ಅಪ್ಪಟ ಮಾತುಗಳು. ಎರಡು ಬಣ್ಣದ್ದಾದರೋ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಲು ಹೊರಟು, ಚಿನ್ನವನ್ನು ಧರಿಸಿಯೂ ಚಿನ್ನವನ್ನು ಬಯಸದವನಂತೆ ತೋರಿಸುತ್ತದೆ. (ನನ್ನ ತಂಗಿಯ ಅಭಿಪ್ರಾಯ ಬೇರೆ. ಚಿನ್ನದ ಬಳೆಗೂ ಬೆಳ್ಳಿಯ ಉಂಗುರಕ್ಕೂ ಹೊಂದುವ ವಾಚು ಅದೊಂದೇ ಎನ್ನುತ್ತಾಳೆ. ಅವಳ ವಿಮರ್ಶೆ ನನ್ನದಕ್ಕಿಂತ ಪ್ರಾಮಾಣಿಕವಾಗಿರಬಹುದು.)

ಸಂಗ್ರಾಹಕರ ಲೋಕದ ಅತಿ ಪ್ರಸಿದ್ಧ ಕ್ರೋನೋಗ್ರಾಫ್‌ನ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ನಟ ಪಾಲ್ ನ್ಯೂಮನ್ ಕಾರು ಪಂದ್ಯಗಳಲ್ಲೂ ಭಾಗವಹಿಸುತ್ತಿದ್ದರು. ಅವರ ಪತ್ನಿ, ನಟಿ ಜೊಆನ್ ವುಡ್‌ವರ್ಡ್, ಅವರಿಗೊಂದು ರೋಲೆಕ್ಸ್ ಡೇಟೋನಾ ಗಡಿಯಾರ ಕೊಟ್ಟು, ಅದರ ಬೆನ್ನಿನಲ್ಲಿ ಜಾಗ್ರತೆಯಾಗಿ ಗಾಡಿ ಓಡಿಸುವಂತೆ ಪುಟ್ಟ ಕೋರಿಕೆಯೊಂದನ್ನು ಕೆತ್ತಿಸಿದ್ದರು. ಮುಖಫಲಕ ಒಂದು ಬಣ್ಣ, ಚಿಕ್ಕ ಮುಖಗಳು ಇನ್ನೊಂದು ಬಣ್ಣದ ಆ ಮಾದರಿ ಅಂದಿನ ಅಂಗಡಿಗಳಲ್ಲಿ ಅಷ್ಟಾಗಿ ಮಾರಾಟವಾಗದೆ ಉಳಿಯುತ್ತಿತ್ತು. 1984ರ ಬೇಸಿಗೆಯಲ್ಲಿ ನ್ಯೂಮನ್ ತಮ್ಮ ಮಗಳ ಸ್ನೇಹಿತನೊಬ್ಬನ ಬಳಿ ಗಂಟೆ ಎಷ್ಟೆಂದು ಕೇಳಿದರು. ಹುಡುಗನ ಬಳಿ ಗಡಿಯಾರವಿರಲಿಲ್ಲ. ನ್ಯೂಮನ್ ಆ ಡೇಟೋನಾವನ್ನು ಅವನಿಗೆ ಕೊಟ್ಟು, ಕೀಲಿ ಕೊಟ್ಟರೆ ಚೆನ್ನಾಗಿಯೇ ಸಮಯ ತೋರಿಸುತ್ತದೆ ಎಂದರಂತೆ. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದೇ ಗಡಿಯಾರ 1 ಕೋಟಿ 77 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ, ಅಂದಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮಿಕ್ಕಿ, ಮಾರಾಟವಾಯಿತು. ಬಂದ ಹಣದಲ್ಲಿ ಒಂದು ಭಾಗ ಸೇವಾಕಾರ್ಯಗಳಿಗೆ ಹೋಯಿತೆಂಬುದನ್ನೂ ಹೇಳಬೇಕು.

ಈ ಕಥೆಯನ್ನು ಎರಡು ಬಾರಿ ಓದಿ ನೋಡಿ. ಹೆಂಡತಿಯೊಬ್ಬಳ ಅಂಜಿಕೆ, ವಾಚಿಲ್ಲದ ಹುಡುಗನಿಗೆ ಕೈಯಿಂದ ಬಿಚ್ಚಿಕೊಟ್ಟ ಸರಳತೆ: ಹರಾಜಿನಲ್ಲಿ ಜನ ಬೆಲೆ ಕಟ್ಟಿದ್ದು ಇವೆರಡಕ್ಕೆ. ಅಂಥದೇ ಮಾದರಿಯ ಬೇರೊಂದು ಗಡಿಯಾರಕ್ಕೆ ಆ ಬೆಲೆ ಎಂದೂ ಬರುತ್ತಿರಲಿಲ್ಲ. ಕೊಟ್ಟುಬಿಟ್ಟದ್ದರಿಂದ ಹುಟ್ಟಿದ ಮಹಿಮೆಯನ್ನು, ಇನ್ನು ಯಾರಿಗೂ ಕೊಡಲಾಗದಷ್ಟು ದುಬಾರಿಯಾಗಿಸಿ ಕೊಂಡುಕೊಳ್ಳುವ ಈ ವಿಪರ್ಯಾಸ ನನ್ನನ್ನು ಬಹಳ ದಿನ ಕಾಡಿತು. ಇಂದು ಅದನ್ನು ಕಟ್ಟಿಕೊಂಡು ತೋಟದ ಕೆಲಸಕ್ಕೆ ಹೋಗುವವರಾರು? ಗಂಟೆ ಕೇಳಿದ ಹುಡುಗನಿಗೆ ಬಿಚ್ಚಿಕೊಡುವವರಾರು?

ಯಾಂತ್ರಿಕ ಗಡಿಯಾರವನ್ನು ಯುರೋಪಿನಲ್ಲಿ ಮೊದಲು ಬೇಕೆಂದವರಲ್ಲಿ ಮಠಗಳೂ ಮಹಾದೇವಾಲಯಗಳೂ ಇದ್ದವು. ಪ್ರಾರ್ಥನೆಯ ವೇಳೆ ತಪ್ಪಬಾರದಲ್ಲ! ಇಂಗ್ಲೆಂಡಿನ ಸಾಲ್ಸ್‌ಬರಿ ಮಹಾದೇವಾಲಯದಲ್ಲಿ 1386ರದೆಂದು ಹೇಳಲಾಗುವ ಗಡಿಯಾರವೊಂದಿದೆ. ಅದಕ್ಕೆ ಮುಖಫಲಕವೇ ಇಲ್ಲ, ಮುಳ್ಳುಗಳಿಲ್ಲ. ಅದು ಗಂಟೆ ಬಾರಿಸುತ್ತದೆ, ಅಷ್ಟೇ. ಅದನ್ನು ನೋಡಬೇಕಾಗಿಲ್ಲ, ಕೇಳಿದರೆ ಸಾಕು, ಕೇಳಿಸುವುದೂ ಊರಿಗೆಲ್ಲ. ಮುಖವಿಲ್ಲದ ಆ ಗಡಿಯಾರದಿಂದ ನಾಲ್ಕು ಮುಖಗಳ ನನ್ನ ಗಡಿಯಾರದವರೆಗೆ ನಾವು ಎಷ್ಟು ದೂರ ಬಂದಿದ್ದೇವೆ! ಇದು ಗೃಹಸ್ಥರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. 2012ರಲ್ಲಿ ರಷ್ಯಾದ ಆರ್ಥೊಡಾಕ್ಸ್ ಧರ್ಮಸಭೆ ತನ್ನ ಪೇಟ್ರಿಯಾರ್ಕ್ ಕಿರಿಲ್ ಅವರ ಛಾಯಾಚಿತ್ರವೊಂದನ್ನು ಪ್ರಕಟಿಸುವಾಗ ಅವರ ಮಣಿಕಟ್ಟಿನ ದುಬಾರಿ ಗಡಿಯಾರವನ್ನು ಅಳಿಸಿತ್ತು. ಆದರೆ ನುಣುಪಾದ ಮೇಜಿನಲ್ಲಿ ಅದರ ಪ್ರತಿಬಿಂಬ ಉಳಿದುಹೋಗಿತ್ತು. ಧರ್ಮಸಭೆ ಕ್ಷಮೆ ಕೇಳಬೇಕಾಯಿತು. ಇದನ್ನು ಓದಿ ನಗಬಹುದಾದ ಕಥೋಲಿಕ ಗುರುಗಳು ಮೊದಲು ತಮ್ಮ ಮೇಜನ್ನು ಒಮ್ಮೆ ನೋಡಿಕೊಳ್ಳುವುದು ಲೇಸು. ನಾನು ನೋಡಿಕೊಂಡೆ.

ಹಾಗೆ ನೋಡಿಕೊಂಡು, ಸೆಳೆಖಾನೆಯಿಂದ ಎಚ್.ಎಂ.ಟಿ.ಯನ್ನು ಹೊರತೆಗೆದು ಮತ್ತೆ ಕಟ್ಟಿಕೊಂಡೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆ ನಮ್ಮ ಎಷ್ಟೋ ಮನೆಗಳ ಮದುವೆ, ಉದ್ಯೋಗ, ನಿವೃತ್ತಿಗಳಿಗೆ ಗಡಿಯಾರ ಒದಗಿಸಿತು. ಅಂಧರಿಗಾಗಿ ಬ್ರೈಲ್ ಗಡಿಯಾರವನ್ನೂ ಮಾಡಿತು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಇಂದು ಅದರ ಹಳೆಯ ಮಾದರಿಗಳನ್ನೂ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ನಾನು ಕಟ್ಟಿಕೊಂಡದ್ದು ಸರಳತೆಗಾಗಿಯೇ? ಒಂದು ವಾರ ಕಳೆಯುವುದರೊಳಗೆ ಇಬ್ಬರು "ಫಾದರ್, ಇನ್ನೂ ಎಚ್.ಎಂ.ಟಿ. ಕಟ್ಟುತ್ತೀರಲ್ಲ!" ಎಂದು ಮೆಚ್ಚಿದರು. ಆ ಮೆಚ್ಚುಗೆ ಎರಡು ಬಣ್ಣದ ಗಡಿಯಾರ ತಂದ ಮೆಚ್ಚುಗೆಗಿಂತ ರುಚಿಯಾಗಿತ್ತು.

ಗುರುಮಠದಲ್ಲಿ ಓದಿ ಮರೆತಿದ್ದ ಒಂದು ಪಾಠ ಆಗ ನೆನಪಾಯಿತು. ಸಂತ ಥಾಮಸ್ ಅಕ್ವಿನಾಸ್ ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಉಡುಪಿನ ವಿಷಯಕ್ಕೆಂದೇ ಒಂದು ಪ್ರಶ್ನೆಯನ್ನು ಮೀಸಲಿಟ್ಟಿದ್ದಾರೆ. ಅತಿಯಾದ ಅಲಂಕಾರದಲ್ಲಿ ಮಾತ್ರವಲ್ಲ, ಮಾಸಿದ ಬಟ್ಟೆಯಲ್ಲಿಯೂ ಪೊಳ್ಳು ಹೆಮ್ಮೆ ಅಡಗಬಹುದೆಂದು ಅಲ್ಲಿ ಅವರು ಸಂತ ಅಗಸ್ತೀನರನ್ನು ಆಧರಿಸಿ ಎಚ್ಚರಿಸುತ್ತಾರೆ. ವಸ್ತು ತನ್ನಷ್ಟಕ್ಕೆ ದೋಷವಲ್ಲ. ಅದನ್ನು ಬಳಸುವವನ ಮನಸ್ಸಿನ ಅಳತೆ ತಪ್ಪುವುದು ದೋಷ. ಈ ಮಾತನ್ನು ಇಟ್ಟುಕೊಂಡು ಜಾಕೆಟ್ಟಿನ ಕಡೆಗೆ ಬರೋಣ.

ಜಾಕೆಟ್ಟು ಗಡಿಯಾರದಂತಲ್ಲ. ಅದು ಹೊಳೆಯುವುದಿಲ್ಲ. ಅದರ ಹೆಚ್ಚುಗಾರಿಕೆಯೆಲ್ಲ ಇಲ್ಲದಿರುವುದರಲ್ಲಿದೆ: ಭಾರವಿಲ್ಲ, ಗಾತ್ರವಿಲ್ಲ. ಗಾಳಿ ತಡೆಯುವ ಕೆಲವು ಅಂಗಿಗಳು ನೂರು ಗ್ರಾಮಿನ ಆಸುಪಾಸು ತೂಗುತ್ತವೆ, ಮಡಿಚಿದರೆ ಮುಷ್ಟಿಯಲ್ಲಿ ಹಿಡಿಯುತ್ತವೆ. ಮಳೆಯ ಜಾಕೆಟ್ಟಿನ ಗುಟ್ಟು 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಕಂಡುಕೊಂಡದ್ದು. ಪಾತ್ರೆಗೆ ಬಳಿಯುವ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿಮಾಡಿ ಥಟ್ಟನೆ ಎಳೆದಾಗ ಅದರಲ್ಲಿ ಕೋಟ್ಯಂತರ ಸೂಕ್ಷ್ಮ ರಂಧ್ರಗಳಾದವು. ನೀರಿನ ಹನಿ ನುಸುಳಲಾರದಷ್ಟು ಚಿಕ್ಕವು, ಬೆವರಿನ ಆವಿ ಹೊರಹೋಗುವಷ್ಟು ದೊಡ್ಡವು. ಜಾಣ್ಮೆಯ ಕೆಲಸ. ಆದರೆ ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಆಲ್ಪ್ಸ್ ಪರ್ವತದ ಚಳಿಗೆ ಸರಿಯಾದ ಈ ಲೆಕ್ಕ ನಮ್ಮ ಘಟ್ಟದ ಆಷಾಢದಲ್ಲಿ ತಪ್ಪುತ್ತದೆ. ಗಾಳಿಯೇ ನೀರಾಗಿರುವಾಗ ಬೆವರು ಎಲ್ಲಿಗೆ ಹೋದೀತು? ಹೊರಗಿನ ಮಳೆಯಿಂದ ಪಾರಾದ ಚಾರಣಿಗ ಒಳಗಿನ ಮಳೆಯಲ್ಲಿ ತೋಯುತ್ತಾನೆ. ಮಲೆನಾಡಿನ ಗದ್ದೆಯಲ್ಲಿ ನಾಟಿಗೆ ಬಗ್ಗಿದವರು ಬೆನ್ನಿಗೆ ಹಾಕುತ್ತಿದ್ದ ಗೊರಬು, ತಲೆಯಿಂದ ಇಳಿಬಿಡುತ್ತಿದ್ದ ಕಂಬಳಿಕೊಪ್ಪೆ ಭಾರವಾಗಿದ್ದವು ನಿಜ. ಆದರೆ ಕೆಳಗಡೆ ತೆರೆದಿದ್ದರಿಂದ ಗಾಳಿಯಾಡುತ್ತಿತ್ತು. ಅವನ್ನು ಹೊಗಳಿ ಹಾಡಬೇಕಾಗಿಲ್ಲ. ತೊಯ್ದ ಕಂಬಳಿಯ ತೂಕವನ್ನು ಹೊತ್ತವರೇ ಬಲ್ಲರು.

ಈ ಅಂಗಿಗಳ ಲೋಕದಲ್ಲಿ ಅತ್ಯಂತ ಚರ್ಚಿತವಾದ ಬರಹ ಒಂದು ಜಾಹೀರಾತು. 2011ರ ನವೆಂಬರ್ 25ರಂದು, ಅಮೆರಿಕದಲ್ಲಿ ವರ್ಷದ ಅತಿದೊಡ್ಡ ಖರೀದಿಯ ದಿನ, ಪೆಟಗೋನಿಯಾ ಸಂಸ್ಥೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ತನ್ನದೇ ಜಾಕೆಟ್ಟಿನ ಚಿತ್ರ ಹಾಕಿ, ಅದನ್ನು ಕೊಳ್ಳಬೇಡಿ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿಸಿತು. ಕೆಳಗೆ ಲೆಕ್ಕ: ಅದನ್ನು ತಯಾರಿಸಲು 135 ಲೀಟರು ನೀರು, ಅಂದರೆ ದಿನಕ್ಕೆ ಮೂರು ಲೋಟದಂತೆ 45 ಜನರಿಗೆ ಸಾಕಾಗುವಷ್ಟು, ಜಾಕೆಟ್ಟಿನ ತೂಕದ 24 ಪಟ್ಟು ಇಂಗಾಲದ ಹೊಗೆ, ಅದರ ಮೂರನೆಯ ಎರಡು ಪಾಲು ತೂಕದ ಕಸ.

ವಿಮರ್ಶಕನಾಗಿ ನೋಡಿದರೆ ಇದು ಒಳ್ಳೆಯ ಗದ್ಯ. ಸುಳ್ಳಿಲ್ಲ, ಬೂಟಾಟಿಕೆಯ ವಿಶೇಷಣಗಳಿಲ್ಲ. ಪಾಪನಿವೇದನೆಯ ಪೀಠದಲ್ಲಿ ಕೇಳಬಯಸುವಂಥ ಖಚಿತ ಲೆಕ್ಕ. ಆದರೂ ಮುಂದೇನಾಯಿತು? ಸಂಸ್ಥೆಯ ಮಾರಾಟ ಇಳಿಯಲಿಲ್ಲ, ಏರಿತು. ಕೊಳ್ಳಬೇಡಿ ಎಂದವರಿಂದ ಕೊಳ್ಳುವುದರಲ್ಲಿ ಜನರಿಗೆ ಒಂದು ಸಮಾಧಾನ ಸಿಕ್ಕಿತು. ಜಾಕೆಟ್ಟಿನ ಜೊತೆಗೆ ಸ್ವಲ್ಪ ಪುಣ್ಯವೂ ಚೀಲಕ್ಕೆ ಬಿತ್ತು. ನನ್ನ ಎಚ್.ಎಂ.ಟಿ.ಯ ರೋಗವೇ ಇದು, ದೊಡ್ಡ ಪ್ರಮಾಣದಲ್ಲಿ. ಆದರೆ ಅದನ್ನು ಸ್ಥಾಪಿಸಿದ ಇವಾನ್ ಶುನಾರ್ಡ್ ಅವರನ್ನು ಕಪಟಿಯೆನ್ನಲು ನನಗೆ ಮನಸ್ಸಿಲ್ಲ. ಮೊದಲು ಬಂಡೆ ಏರುವವರಿಗೆ ಉಕ್ಕಿನ ಮೊಳೆ ಬಡಿದು ಮಾರುತ್ತಿದ್ದ ಕಮ್ಮಾರ ಅವರು. ಆ ಮೊಳೆಗಳಿಂದ ಬಂಡೆಗಳು ಗಾಯಗೊಳ್ಳುವುದನ್ನು ಕಂಡು, 1972ರಲ್ಲಿ ತಮ್ಮ ಅತಿ ಹೆಚ್ಚು ಮಾರಾಟದ ಆ ಸರಕಿನ ವಿರುದ್ಧವೇ ಬರೆದು, ಬಂಡೆಯನ್ನು ನೋಯಿಸದ ಸಾಧನಗಳತ್ತ ತಿರುಗಿದರು. 2022ರಲ್ಲಿ ಅವರ ಕುಟುಂಬ ಸಂಸ್ಥೆಯ ಒಡೆತನವನ್ನೇ ಪರಿಸರ ರಕ್ಷಣೆಗಾಗಿ ಬಿಟ್ಟುಕೊಟ್ಟಿತು. ಬರೆದವರು ಮಾತಿನಂತೆ ನಡೆದರು, ಓದಿದವರು ಕೊಂಡರು. ತಪ್ಪು ಬರಹದಲ್ಲಿದೆಯೇ, ಓದಿನಲ್ಲಿದೆಯೇ?

ಹಗುರವಾಗಿ ನಡೆಯುವವರ ಗುಂಪಿನಲ್ಲಿ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕೂಡ ಕತ್ತರಿಸಿ ಗ್ರಾಮು ಉಳಿಸುವವರಿದ್ದಾರೆ. ಒಂದೊಂದು ಗ್ರಾಮು ಇಳಿದಂತೆ ಬೆಲೆ ಏರುತ್ತದೆ. ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ ಇವರೆಲ್ಲರಿಗಿಂತ ಮೊದಲೇ ಆ ದಾರಿಯಲ್ಲಿ ನಡೆದಿದ್ದರು. ಹನ್ನೊಂದು ಮಕ್ಕಳ ತಾಯಿ, 67ರ ವಯಸ್ಸು. 1955ರಲ್ಲಿ ಅಮೆರಿಕದ ಅಪಲೇಚಿಯನ್ ಕಾಡುಹಾದಿಯನ್ನು, ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು, ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಬಟ್ಟೆಯ ಶೂ. ಹೆಗಲಿಗೆ ತಾವೇ ಹೊಲಿದ ಚೀಲ. ಮಳೆ ಬಂದರೆ ಹೊದೆಯಲು ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಅವರ ಚೀಲ ಹಗುರವಾದದ್ದು ಹಗುರ ವಸ್ತುಗಳನ್ನು ಕೊಂಡಿದ್ದರಿಂದಲ್ಲ, ವಸ್ತುಗಳನ್ನು ಬಿಟ್ಟಿದ್ದರಿಂದ.

ಪ್ರಭು ಯೇಸು ಪ್ರೇಷಿತರನ್ನು ಕಳುಹಿಸುವಾಗ ಕೊಟ್ಟ ಸಾಮಾನಿನ ಪಟ್ಟಿಯನ್ನು ನೀವು ಬಲ್ಲಿರಿ: ಚೀಲ ಬೇಡ, ಎರಡು ಅಂಗಿ ಬೇಡ. ಸಂತ ಮಾರ್ಕನು ಕೋಲಿಗೂ ಪಾದರಕ್ಷೆಗೂ ಅನುಮತಿ ಕೊಡುತ್ತಾನೆ. ಸಂತ ಮತ್ತಾಯನು ಅವೂ ಬೇಡವೆನ್ನುತ್ತಾನೆ. ಎರಡು ಸಾವಿರ ವರ್ಷಗಳ ಹಿಂದೆಯೇ ಏನನ್ನು ಒಯ್ಯಬೇಕೆಂಬ ಚರ್ಚೆ ಆರಂಭವಾಗಿತ್ತೆಂದು ಗುರುಮಠದಲ್ಲಿ ನಾವು ನಗುತ್ತಿದ್ದೆವು. ಧರ್ಮಸಭೆಯ ನೆನಪಿನಲ್ಲಿ ಉಳಿದ ಅತಿ ಪ್ರಸಿದ್ಧ ಹೊರ ಅಂಗಿ ಅರ್ಧದ್ದು. ಸೈನಿಕನಾಗಿದ್ದ ತೂರಿನ ಸಂತ ಮಾರ್ಟಿನ್ ಆಮಿಯೆಂ ನಗರದ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ನಿಲುವಂಗಿಯನ್ನು ಕತ್ತಿಯಿಂದ ಸೀಳಿ ಕೊಟ್ಟನು. ಆ ಅಂಗಿಯನ್ನು ಕಾಪಿಟ್ಟ ಸ್ಥಳಕ್ಕೆ ಲತೀನಿನಲ್ಲಿ ಕಪೆಲ್ಲಾ ಎಂದು ಹೆಸರಾಯಿತು. ನಾವು ಇಂದು ಹೇಳುವ ಚಾಪೆಲ್, ಚಾಪ್ಲಿನ್ ಎಂಬ ಮಾತುಗಳು ಬಂದದ್ದು ಅಲ್ಲಿಂದಲೇ. ನಮ್ಮ ಪ್ರಾರ್ಥನಾಮಂದಿರಗಳ ಹೆಸರಿನಲ್ಲೇ ಹಂಚಿಕೊಂಡ ಅಂಗಿಯೊಂದಿದೆ.

2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಪಿಯೆರ್ ಜಾರ್ಜಿಯೊ ಫ್ರಸಾತಿ ನಿಜಕ್ಕೂ ಪರ್ವತಾರೋಹಿ. ಇಟಲಿಯ ಆಲ್ಪ್ಸ್ ಅವರಿಗೆ ಪ್ರಾಣ. ಹಗ್ಗ, ಕೊಡಲಿ, ಮಂಜಿನ ಬೂಟು ಎಲ್ಲವನ್ನೂ ಬಳಸಿದವರು. ತಂದೆ ಜರ್ಮನಿಯಲ್ಲಿ ರಾಯಭಾರಿಯಾಗಿದ್ದಾಗ ಕೊರೆಯುವ ಚಳಿಯಲ್ಲಿ ಈ ಯುವಕ ತನ್ನ ಮೇಲಂಗಿಯನ್ನು ಬಡವನೊಬ್ಬನಿಗೆ ಕೊಟ್ಟು ಮನೆಗೆ ಬಂದರಂತೆ. ತಂದೆ ಗದರಿದಾಗ, ಚಳಿಯಿತ್ತಲ್ಲ ಎಂಬುದಷ್ಟೇ ಅವರ ವಿವರಣೆ. 24ನೆಯ ವಯಸ್ಸಿನಲ್ಲಿ, 1925ರಲ್ಲಿ, ತೀರಿಕೊಂಡರು. ಚಳಿಗೆ ಅಂಗಿ ಬೇಕು ಎಂಬ ಸರಳ ಸತ್ಯವನ್ನು ಅವರಷ್ಟು ಗಂಭೀರವಾಗಿ ತೆಗೆದುಕೊಂಡ ಸಲಕರಣೆಪ್ರೇಮಿ ಇನ್ನೊಬ್ಬನಿಲ್ಲ.

ಆದುದರಿಂದ ತಂದೆ ತಾಯಂದಿರೇ, ಮಗ ಬೆಟ್ಟಕ್ಕೆ ಹೋಗುವವನಾದರೆ ಅವನ ಮಳೆಯಂಗಿಯನ್ನು ಹಂಗಿಸಬೇಡಿ. ಎತ್ತರದ ಜಾಗದಲ್ಲಿ ತೊಯ್ದ ಮೈಗೆ ಗಾಳಿ ಬಡಿದರೆ ಪ್ರಾಣಕ್ಕೇ ಅಪಾಯ; ಅಲ್ಲಿ ಒಳ್ಳೆಯ ಜಾಕೆಟ್ಟು ವಿವೇಕವೇ. ಬೆಟ್ಟಕ್ಕೆ ಹೋಗದೆ ಮೂರನೆಯ ಜಾಕೆಟ್ಟು ತಂದವನಾದರೆ ಮೊದಲಿನ ಎರಡು ಎಲ್ಲಿವೆಯೆಂದು ಕೇಳಿ. ಬೈದು ಬೇಡ, ಆ ಬಾಲಕ ನನ್ನನ್ನು ಕೇಳಿದ ಹಾಗೆ ತಿಳಿಯುವ ಆಸೆಯಿಂದ ಕೇಳಿ. ನಿಜವಾದ ಕುತೂಹಲಕ್ಕೆ ಸುಳ್ಳು ಉತ್ತರ ಕೊಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ.

ನನ್ನ ಗಡಿಯಾರದ ವಿಷಯ ಏನಾಯಿತೆಂದು ನೀವು ಕೇಳಬಹುದು. ಮಾರಿ ಬಡವರಿಗೆ ಕೊಡೋಣವೆಂದುಕೊಂಡೆ. ಆದರೆ ಮರುಭೂಮಿಯ ಬಿಸಿಲಲ್ಲಿ ದುಡಿದ ಹಣದಿಂದ ತಂದು ಆ ಗೃಹಸ್ಥರು ನನ್ನ ಕೈಗೆ ಕಟ್ಟುವಾಗ ಅವರ ಬೆರಳುಗಳು ನಡುಗುತ್ತಿದ್ದವು. ಅದನ್ನು ಯಾವ ಲೆಕ್ಕಕ್ಕೆ ಸೇರಿಸಲಿ? ಈಗ ಅವರು ಊರಿಗೆ ಬಂದ ದಿನಗಳಲ್ಲಿ ಅದನ್ನು ಕಟ್ಟುತ್ತೇನೆ. ಉಳಿದ ಭಾನುವಾರಗಳಲ್ಲಿ ಅದು ಪೂಜೆ ಮುಗಿಯುವ ತನಕ ಆ ಬಾಲಕನ ವಶದಲ್ಲಿರುತ್ತದೆ. ಮೂರು ಚಿಕ್ಕ ಮುಖಗಳಲ್ಲಿ ಒಂದು ನಡೆಯುವ ಸೆಕೆಂಡನ್ನೂ ಒಂದು ಅಳೆದ ನಿಮಿಷಗಳನ್ನೂ ಇನ್ನೊಂದು ಅಳೆದ ಗಂಟೆಗಳನ್ನೂ ತೋರಿಸುತ್ತವೆಂದು ಅವನಿಗೆ ಹೇಳಿಕೊಟ್ಟಿದ್ದೇನೆ. ನಾನು ಪ್ರಬೋಧನೆಗೆ ನಿಂತೊಡನೆ ಅವನು ಮೇಲಿನ ಗುಂಡಿ ಒತ್ತುತ್ತಾನೆ, ಮುಗಿಸಿದೊಡನೆ ಮತ್ತೆ ಒತ್ತುತ್ತಾನೆ. ಕಳೆದ ಭಾನುವಾರ ಸಕ್ರಿಸ್ತಿಗೆ ಬಂದವನೇ, "ಫಾದರ್, ಹದಿನೆಂಟು ನಿಮಿಷ ನಲವತ್ತು ಸೆಕೆಂಡು. ಹೋದ ವಾರಕ್ಕಿಂತ ಎರಡು ನಿಮಿಷ ಜಾಸ್ತಿ" ಎಂದ.